ತೂಗಿ ಹೇಳುವ ಯಂತ್ರ

ಶಿಷ್ಯ ಸಂಗಯ್ಯ ಗುರುಗಳನ್ನು ಕೇಳಿದ: "ಅನುಮಾನವನ್ನು ಎಲ್ಲಿಯವರೆಗೆ ಇಟ್ಟುಕೊಳ್ಳಬೇಕು? ಎಲ್ಲಿ ಬಿಡಬೇಕು?"

ಗುರುಗಳು ಹೇಳಿದರು:

ಒಬ್ಬ ಚದುರಂಗದ ಆಟಗಾರನಿದ್ದ. ಹದಿನೈದು ವರ್ಷ ಅವನನ್ನು ಯಾರೂ ಸೋಲಿಸಿರಲಿಲ್ಲ. ವಯಸ್ಸಾಗುತ್ತ ಬಂದಂತೆ ಬೇಗ ದಣಿಯತೊಡಗಿದ. ಆಗ ಒಬ್ಬ ಕುಶಲಕರ್ಮಿ ಅವನಿಗೊಂದು ಯಂತ್ರ ಮಾಡಿಕೊಟ್ಟ. ಅಂಗೈಯಗಲದ ಚಿಪ್. ಅದು ಬಲ್ಲದ್ದು ಒಂದೇ ಕೆಲಸ: ಮಣೆಯ ಮೇಲಿನ ಕಾಯಿಗಳನ್ನು ತೂಗಿ, ಯಾರ ಕೈ ಮೇಲು ಎಂದು ಹೇಳುವುದು. ಆ ಒಂದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಲಕ್ಷ ಸಲ ಮಾಡಿ, ಯಾವ ನಡೆ ಮೇಲು ಎಂದು ಆರಿಸುತ್ತಿತ್ತು. ಕುದುರೆಗೆಷ್ಟು ತೂಕ, ಆನೆಗೆಷ್ಟು ತೂಕ ಎಂಬುದನ್ನು ಕುಶಲಕರ್ಮಿ ಅದರೊಳಗೆ ಬರೆದಿಟ್ಟಿದ್ದ. ಬೇಕೆಂದಾಗ ಅಳಿಸಿ ಬೇರೆ ಬರೆಯಬಹುದಿತ್ತು.

ಅಳಿಸಿ ಬರೆಯಬಹುದು ಎಂಬ ಮಾತೇ ಆಟಗಾರನನ್ನು ಕೊರೆಯಿತು. ಈ ಕುಶಲಕರ್ಮಿಯನ್ನು ಎದುರಾಳಿಗಳೇ ಕಳಿಸಿರಬಾರದೇಕೆ ಎಂದುಕೊಂಡ. ಅವನು ಬಂದುಹೋದಾಗಲೆಲ್ಲ, ಹಿಂದೆ ಕೇಳಿದ್ದನ್ನೇ ಯಂತ್ರಕ್ಕೆ ಮತ್ತೆ ಕೇಳಿ ಉತ್ತರ ಬದಲಾಗಿದೆಯೇ ಎಂದು ನೋಡುತ್ತಿದ್ದ. ಬಿಳಿಯ ಜಾಗದಲ್ಲಿ ಕಪ್ಪನ್ನಿಟ್ಟು ಕೇಳಿದ. ತನ್ನ ಹಳೆಯ ಆಟಗಳನ್ನು ಜೋಡಿಸಿ ಕೇಳಿದ. ಒಂದೆರಡು ಕಡೆ ಬಿಟ್ಟರೆ, ತಾನು ಆಡಿದ್ದ ನಡೆಯನ್ನೇ ಅದು ಹೇಳಿತು. ಆ ಒಂದೆರಡು ಅವನಿಗೆ ಊಟ ಸೇರದಂತೆ ಮಾಡಿದವು.

ಕೊನೆಗೆ ಕುಶಲಕರ್ಮಿಯನ್ನು ಎದುರಿಗೆ ಕೂರಿಸಿಕೊಂಡ. "ಈ ತೂಕಗಳನ್ನು ನಿನಗೆ ಕೊಟ್ಟವರು ಯಾರು? ನಿಜ ಹೇಳು."

"ನೀವೇ," ಎಂದ ಅವನು. "ನಿಮ್ಮ ಹದಿನೈದು ವರ್ಷದ ಆಟಗಳನ್ನು ಓದಿ, ನೀವು ತೂಗಿದಂತೆಯೇ ಬರೆದೆ. ನನ್ನದು ಅದರಲ್ಲಿ ಏನೂ ಇಲ್ಲ."

ಆಟಗಾರನ ಎದೆ ಹಗುರಾಯಿತು. ಅಂದಿಗೆ ಪರೀಕ್ಷೆ ನಿಂತಿತು. ಆ ಒಂದೆರಡು ನಡೆಗಳನ್ನು ಅವನು ಮತ್ತೆ ತೆಗೆದು ನೋಡಲಿಲ್ಲ.

ಮಾಗಿಯಲ್ಲಿ ಪಟ್ಟದ ಆಟ ಬಂತು. ಎದುರಾಳಿ ಪಕ್ಕದ ಸೀಮೆಯ ಒಬ್ಬ ಹೆಂಗಸು. ಮೊದಲ ದಿನ ಆಟ ಅರ್ಧಕ್ಕೆ ನಿಂತಿತು. ಬಿಡುವಿನಲ್ಲಿ ಯಂತ್ರವನ್ನು ಕೇಳಬಹುದೆಂದು ಇಬ್ಬರೂ ಮೊದಲೇ ಒಪ್ಪಿದ್ದರು. ಆನೆ ಹೋದರೂ ಕುದುರೆ ಉಳಿಯಲಿ ಎಂದಿತು ಆಟಗಾರನ ಯಂತ್ರ. ಕುದುರೆಯ ಮೇಲೆ ಅವನಿಗೆ ಮೊದಲಿನಿಂದಲೂ ಮೋಹ. ನೂರು ಆಟ ಕುದುರೆಯನ್ನು ಉಳಿಸಿಕೊಂಡೇ ಗೆದ್ದಿದ್ದ. ಎಲ್ಲೋ ಒಂದೆರಡು ಸಲ ಮಾತ್ರ, ಇದು ನನ್ನ ಮೋಹವಿರಬಹುದು ಎಂದು ಅನುಮಾನಿಸಿ, ಅದನ್ನು ಬಿಟ್ಟುಕೊಟ್ಟು ಬದುಕಿಕೊಂಡಿದ್ದ. ಯಂತ್ರ ಕಲಿತದ್ದು ಆ ನೂರರಿಂದ; ಅವನ ನಡೆ ಬಿಟ್ಟು ಬೇರೆ ಹೇಳಿದ್ದು ಆ ಒಂದೆರಡರಲ್ಲಿ.

ಮರುದಿನ ಅವನು ಯೋಚಿಸದೆ ಕುದುರೆಯನ್ನು ಉಳಿಸಿಕೊಂಡ. ಮಧ್ಯಾಹ್ನದ ಹೊತ್ತಿಗೆ ಪಟ್ಟ ಆ ಹೆಂಗಸಿನದಾಯಿತು. ಆಮೇಲೆ ಅವನು ಮಣೆಯ ಮುಂದೆ ಕೂರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸಂಗಯ್ಯ, ಹಾಗಾದರೆ ಆ ಕುಶಲಕರ್ಮಿ ಮೋಸಗಾರನೇ ಇರಬೇಕು ಎಂದ.

"ಆ ತೂಕಗಳು ಅನ್ಯರವಿರಬಹುದೆಂದು ಅನುಮಾನಿಸುತ್ತಿದ್ದಷ್ಟು ದಿನ," ಎಂದರು ಗುರುಗಳು, "ಆಟಗಾರ ಮೋಸಹೋಗಲಿಲ್ಲ."