ಹುತ್ತದೊಳಗಿನ ಸೆಕೆ

ನಮ್ಮ ಕಡೆಯ ಆ ಹುತ್ತ ಎಷ್ಟು ಎತ್ತರವಿತ್ತೆಂದರೆ, ಮೋಡಗಳು ಅದನ್ನು ಬಳಸಿಕೊಂಡು ಹೋಗಬೇಕಿತ್ತು. ಅದರೊಳಗೆ ಮೊಟ್ಟೆ ಕಾಯುವ ಗೆದ್ದಲು ಬೆಳ್ಳಕ್ಕನಿಗೆ ಒಂದೇ ಚಿಂತೆ: ಸೆಕೆ ಹೀಗೇ ಏರಿದರೆ ಸಂಜೆಯೊಳಗೆ ಮೊಟ್ಟೆಗಳೆಲ್ಲ ಬೆಂದುಹೋಗುತ್ತವೆ.

“ಸೆಕೆ ಬರುತ್ತದೆ, ಹೋಗುತ್ತದೆ. ಅದು ಕಾಲಚಕ್ರ. ಗೆದ್ದಲುಗಳು ಅದಕ್ಕೆ ಕೈ ಹಾಕಬಾರದು,” ಎಂದ ಹುತ್ತದ ಯಜಮಾನ ಮಣ್ಣಯ್ಯ.

“ಅಜ್ಜಾ, ಹೊರಗೆ ಮಾಗಿಯ ಚಳಿಗೆ ಹಲ್ಲಿ ಕೂಡ ಹಲ್ಲು ಕಡಿಯುತ್ತಿದೆ! ಒಳಗೆ ಮಾತ್ರ ಇದ್ಯಾವ ಚಕ್ರ? ನಾವು ಉಣ್ಣುವ ಅಣಬೆಯ ತೋಟ ದೊಡ್ಡದು ಮಾಡಲು ಗಾಳಿಗಂಡಿಗೆ ಮಣ್ಣು ಮೆತ್ತಿ ಗೋಡೆ ಮಾಡಿದವರು ನಾವೇ. ಕೈ ಹಾಕಿ ಆಗಿದೆ. ಈಗ ಆ ಮಣ್ಣು ತೆಗೆಯಬೇಕು.”

“ಗೋಡೆ ಮುಟ್ಟಿದರೆ ತಲೆ ತೆಗೆಸುತ್ತೇನೆ!”

ಕಾವಲಿನ ಗೆದ್ದಲುಗಳು ದವಡೆ ತೆರೆದು ಬೆಳ್ಳಕ್ಕನನ್ನು ಸುತ್ತುವರಿದವು. ಅಷ್ಟರಲ್ಲಿ ಎಲ್ಲರ ಕಣ್ಣೆದುರೇ ಒಂದು ಮೊಟ್ಟೆ ಸುಕ್ಕುಗಟ್ಟಿತು. ಕಾವಲಿನವರು ಒಂದು ಕ್ಷಣ ಅತ್ತ ತಿರುಗಿದರು. ಆ ಕ್ಷಣದಲ್ಲೇ ಬೆಳ್ಳಕ್ಕ ನುಗ್ಗಿ ಗೋಡೆ ಕಚ್ಚಿದಳು. ಕಚ್ಚಿದ ಸದ್ದು ಮೂರು ಊರಿಗೆ ಕೇಳಿಸಿತು. ಮಣ್ಣು ಉದುರಿತು, ತಣ್ಣನೆಯ ಗಾಳಿ ಒಳಗೆ ಬಂತು, ಉಳಿದ ಮೊಟ್ಟೆಗಳು ಉಳಿದವು.

ಎಲ್ಲರನ್ನೂ ತಳ್ಳಿಕೊಂಡು ಬಂದು ಗಂಡಿಯ ಎದುರು ಮೊದಲು ಕೂತವನು ಮಣ್ಣಯ್ಯ. “ನೋಡಿದಿರಾ,” ಎಂದ, “ತಾನಾಗಿಯೇ ತಣ್ಣಗಾಯಿತು!”