ಮಿಂಚನ ಜೋಡಿ

ಸೀಮೆಯ ಕೋಣಗಳಲ್ಲೆಲ್ಲ ಇವನೇ ಮೇಲೆಂದು ಆರಿಸಿ, ಕಂಬಳದ ಕೆಸರುಗದ್ದೆಯಲ್ಲಿ ಓಡಿಸಲು ಮಿಂಚನನ್ನು ಹಟ್ಟಿಗೆ ತಂದರು. ಎಣ್ಣೆ ತಿಕ್ಕಿದರು, ಹುರುಳಿ ಬೇಯಿಸಿ ಹಾಕಿದರು. ನೊಗ ಕಟ್ಟುವಾಗ ಮಾತ್ರ ಜೊತೆಗೆ ಮುದಿ ಕೋಣ ಗುಡ್ಡನನ್ನು ಕಟ್ಟಿದರು. ಗುಡ್ಡನಿಗೋ ಕೆಸರು ಕಂಡರೆ ಮಲಗುವ ಚಟ. ಆ ವರ್ಷ ಹೋದ ಕಂಬಳದಲ್ಲೆಲ್ಲ ಮಿಂಚ ಸೋತ.

ಬೆಳ್ಳಕ್ಕಿಯೊಂದು ಅವನ ಬೆನ್ನೇರಿ ಕೂತು ತೀರ್ಪು ಕೊಟ್ಟಿತು. "ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ! ನೀನು ದಂಡ."

ಮಿಂಚನಿಗೆ ಮೈಯೆಲ್ಲ ಉರಿಯಿತು. "ನೊಗಕ್ಕೆ ಎರಡು ಕುತ್ತಿಗೆ, ಮಾರಾಯ! ಪಕ್ಕದವನು ಗದ್ದೆಯ ನಡುವೆ ಮಲಗಿದರೆ ನಾನು ಅವನನ್ನು ಹೊತ್ತುಕೊಂಡು ಓಡಲೇ?"

"ನೆಪ ಹೇಳಬೇಡ. ಗುಡ್ಡ ಹಳಬ, ಅವನನ್ನು ಯಾರೂ ದೂರಿಲ್ಲ. ಬರುವ ವರ್ಷ ನಿನ್ನ ಜಾಗಕ್ಕೆ ಹೊಸಬ ಬರುತ್ತಾನಂತೆ. ಅಪ್ಪಟ ಚಿನ್ನವಂತೆ!"

"ಅವನ ಜೊತೆ ಯಾರನ್ನು ಕಟ್ಟುತ್ತಾರೆ?"

"ಇನ್ಯಾರನ್ನು? ಗುಡ್ಡನನ್ನೇ."

ಮಿಂಚ ದೊಡ್ಡದಾಗಿ ಉಸಿರುಬಿಟ್ಟ. "ಹಾಗಾದರೆ ನನಗೆ ಹೇಳಿದ ಮಾತನ್ನು ಮರೆಯಬೇಡ. ಬರುವ ವರ್ಷ ಅವನ ಬೆನ್ನ ಮೇಲೆ ಕೂತಾಗ ಬೇಕಾಗುತ್ತದೆ."