ತವರಿನ ನೀರು ಹೊತ್ತ ಕಾರು

"ಬುದ್ಧೀ, ಈ ಮಠದಲ್ಲಿ ನನ್ನಷ್ಟು ಬೇಗ ಯಾರೂ ಕಲಿಯಲಿಲ್ಲ ಎಂದು ತಾವೇ ಹೇಳಿದ್ದಿರಿ. ಹಾಗಿದ್ದ ಮೇಲೆ ನಾನು ಕಲಿಸುವ ಮಕ್ಕಳು ಏಕೆ ನಿಂತಲ್ಲೇ ನಿಂತಿದ್ದಾರೆ?"

ಕೇಳಿದವನು ಗುರುಶಾಂತ. ಮಠದ ಪಾಠಶಾಲೆಯಲ್ಲಿ ಓದಿ, ಆ ವರ್ಷವಷ್ಟೇ ಅಲ್ಲಿಯೇ ಮಕ್ಕಳಿಗೆ ಕಲಿಸಲು ಕುಳಿತವನು. ಅಂದು ಬೆಳಿಗ್ಗೆ ಒಂದು ಹುಡುಗಿ ತನ್ನ ಪಾಟಿಚೀಲ ಎತ್ತಿಕೊಂಡು, ಇನ್ನು ಬರುವುದಿಲ್ಲ ಎಂದು ಹೇಳಿ ಹೋಗಿದ್ದಳು. ಅವನಿಗೆ ದುಃಖವಾಗಿತ್ತು. ಅದಕ್ಕಿಂತ ಹೆಚ್ಚಾಗಿ ಅವಮಾನವಾಗಿತ್ತು.

ಗುರುಗಳು ಹಿಂದಿನ ದಿನ ಮಠದ ಹಳೆಯ ಕಾರಿನಲ್ಲಿ ಊರೂರು ಸುತ್ತಿ ಬಂದು ಸೊಂಟ ಹಿಡಿಸಿಕೊಂಡಿದ್ದರು. ಗೋಡೆಗೆ ಒರಗಿ ಕುಳಿತು, "ಸೊಂಟ ನೆಟ್ಟಗಿದ್ದಿದ್ದರೆ ಪುರಾಣದಿಂದ ಒಂದು ಕತೆ ಹೇಳುತ್ತಿದ್ದೆ. ಇವತ್ತು ಕಾರಿನ ಕತೆಯೇ ಗತಿ. ಕೇಳು" ಎಂದರು.

ಒಂದು ಬೆಟ್ಟದ ಸೀಮೆಯಲ್ಲಿ ಒಬ್ಬ ಚಾಲಕನಿದ್ದ. ಬಾಡಿಗೆ ಕಾರು ಓಡಿಸುತ್ತಿದ್ದ. ಬೆಟ್ಟದ ಮೇಲೊಂದು ಊರು, ಕೆಳಗೊಂದು ಊರು. ಎರಡೂ ಊರುಗಳ ನಡುವೆ ಹೆಣ್ಣು ಕೊಟ್ಟು ತರುವ ಬಳಕೆಯಿತ್ತು. ಕೆಳಗಿನ ಊರಿನ ಹೆಣ್ಣು ಗಂಡನ ಮನೆಗೆ ಹೊರಟಾಗ ತವರಿನ ಬಾವಿಯ ನೀರನ್ನು ಒಂದು ಚೊಂಬಿನಲ್ಲಿ ಕಂಠದವರೆಗೆ ತುಂಬಿ, ಮಡಿಲಲ್ಲಿಟ್ಟುಕೊಂಡು ಹೋಗಬೇಕು; ಮೇಲಿನ ಊರಿನ ಬಾವಿಗೆ ಅದನ್ನು ಸುರಿಯಬೇಕು. ದಾರಿಯಲ್ಲಿ, ಏರು ಬಹಳ ಕಡಿದಾದ ಕಡೆ, ಒಂದು ಎಲ್ಲೆಗಲ್ಲಿದೆ. ಗಂಡಿನ ಕಡೆಯವರು ಅಲ್ಲಿಗೆ ಇಳಿದು ಬಂದು, ಕಾರು ನಿಲ್ಲಿಸಿ, ಆರತಿ ಎತ್ತಿ, ಕಾಯಿ ಒಡೆಯುತ್ತಾರೆ. ಅಲ್ಲಿಂದ ಹೊರಡುವಾಗ ಕಾರು ಒಂದು ಗೇಣೂ ಹಿಂದಕ್ಕೆ ಸರಿಯಬಾರದು, ನೀರು ಚೆಲ್ಲಬಾರದು. ಸರಿದರೆ, ಚೆಲ್ಲಿದರೆ, ಈ ಹೆಣ್ಣಿಗೆ ಇನ್ನೂ ತವರಿನದೇ ಸೆಳೆತ ಎಂಬ ಮಾತು ಹುಟ್ಟುತ್ತದೆ. ತಪ್ಪು ಕಾರಿನದು, ಮಾತು ಕೇಳುವವಳು ಅವಳು. ಅವಳಿಗೆ ಮೊಮ್ಮಕ್ಕಳಾದ ಮೇಲೂ ಆ ಮಾತು ಅವಳನ್ನು ಬಿಡುವುದಿಲ್ಲ.

ಆ ಚಾಲಕ ಎಷ್ಟೋ ಮದುಮಗಳಂದಿರನ್ನು ಬೆಟ್ಟ ಹತ್ತಿಸಿದ್ದ. ಒಮ್ಮೆಯೂ ಅವನ ಕಾರು ಹಿಂದೆ ಸರಿದಿರಲಿಲ್ಲ. ಅದಕ್ಕಿಂತ ದೊಡ್ಡ ಹೆಮ್ಮೆ ಇನ್ನೊಂದಿತ್ತು. ಆರತಿ ಮುಗಿಯುವವರೆಗೂ ಅವನು ಹ್ಯಾಂಡ್‌ಬ್ರೇಕ್ ಮುಟ್ಟುತ್ತಿರಲಿಲ್ಲ, ಕಾಲಿನ ಬ್ರೇಕನ್ನೂ ಒತ್ತುತ್ತಿರಲಿಲ್ಲ. ಕ್ಲಚ್ಚನ್ನು ಅರ್ಧ ಒತ್ತಿ ಅರ್ಧ ಬಿಟ್ಟು, ಎಂಜಿನ್ನಿನ ಬಲದಿಂದಲೇ ಕಾರನ್ನು ಏರಿನಲ್ಲಿ ಅಲುಗದಂತೆ ನಿಲ್ಲಿಸುತ್ತಿದ್ದ. ನೀನು ಮಕ್ಕಳ ಮುಂದೆ ಶ್ಲೋಕ ಹೇಳುವಾಗ ನಿನ್ನ ಮುಖದಲ್ಲಿ ಒಂದು ಕಳೆ ಬರುತ್ತದಲ್ಲ, ಅದೇ ಕಳೆ ಆಗ ಅವನ ಮುಖದಲ್ಲಿ ಬರುತ್ತಿತ್ತು. ಆ ದಾರಿಯ ಚಾಲಕರಿಗೆಲ್ಲ ಅದೇ ಗಂಡಸುತನ. ಕಲ್ಲಿನ ಎದುರಿನ ಟೀ ಅಂಗಡಿಯಲ್ಲಿ ಅವರು ಕಿವಿಗೊಟ್ಟು ಕುಳಿತಿರುತ್ತಿದ್ದರು. ಯಾವನಾದರೂ ಹ್ಯಾಂಡ್‌ಬ್ರೇಕ್ ಎಳೆದ ಸದ್ದು ಕೇಳಿತೋ, ಆ ತಿಂಗಳೆಲ್ಲ ಅವನು ನಗೆಪಾಟಲು.

ಹೀಗೆ ನಿಲ್ಲಿಸಿ ನಿಲ್ಲಿಸಿ, ಒಂದು ದಿನ ಖಾಲಿ ಕಾರಿನಲ್ಲಿ ಏರು ಹತ್ತುವಾಗ ಸುಟ್ಟ ವಾಸನೆ ಬಂತು. ಎಂಜಿನ್ ಕೂಗುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಚಾಲಕ ಅದನ್ನು ಇಳಿಜಾರಿನಲ್ಲೇ ಜಾರಿಸಿಕೊಂಡು ಮೆಕ್ಯಾನಿಕ್ ಬಳಿಗೆ ತಂದ. ಅವನ ಮಗಳ ಮದುವೆಗೆ ಆಗ ಕೆಲವೇ ದಿನ ಉಳಿದಿತ್ತು. ಗಂಡು ಮೇಲಿನ ಊರಿನವನು. ಮಗಳನ್ನು ತಾನೇ ಬೆಟ್ಟ ಹತ್ತಿಸುತ್ತೇನೆ ಎಂದು ಚಾಲಕ ಬೀಗರ ಮುಂದೆ ಮೀಸೆ ತಿರುವಿ ಬಂದಿದ್ದ.

ಮೆಕ್ಯಾನಿಕ್ ಬಿಚ್ಚಿ ನೋಡಿದ. ಕ್ಲಚ್ ಪ್ಲೇಟು ಪೂರ್ತಿ ಸವೆದಿತ್ತು. ಎಂಜಿನ್ನಿನ ಹಿಂದೆ ತಿರುಗುವ ದಪ್ಪ ಕಬ್ಬಿಣದ ಚಕ್ರ, ಅವರು ಫ್ಲೈವೀಲ್ ಎನ್ನುವುದು, ಕಾದು ನೀಲಿಯಾಗಿ ಬಿರುಕು ಬಿಟ್ಟಿತ್ತು. "ಎರಡನ್ನೂ ಬದಲಿಸಬೇಕು. ಮೊದಲಿದ್ದಂಥದ್ದೇ ತಗೊಂಡು ಬಾ" ಎಂದ.

ಬಿಡಿಭಾಗಗಳ ವ್ಯಾಪಾರಿ ಎರಡು ಜೊತೆ ಮುಂದಿಟ್ಟ. ಒಂದು ಮೊದಲಿನಂಥದ್ದು: ಭಾರದ ಚಕ್ರ, ಮೆತ್ತಗೆ ಹಿಡಿಯುವ ಕ್ಲಚ್. ಇನ್ನೊಂದು ಪಂದ್ಯದ ಕಾರುಗಳಿಗೆ ಹಾಕುವಂಥದ್ದು: ಥಳಥಳಿಸುವ ಹಗುರವಾದ ಚಕ್ರ, ಗಕ್ಕನೆ ಕಚ್ಚಿ ಹಿಡಿಯುವ ಕ್ಲಚ್. ವ್ಯಾಪಾರಿ ಹಗುರವಾದದ್ದನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿದ. "ಇದನ್ನ ಹಾಕಿಸಿದ್ರೆ ಕಾಲು ಸೋಕಿದ್ದೇ ತಡ, ಎಂಜಿನ್ ಹಾರುತ್ತೆ. ನಿಮ್ಮಂಥ ಚಾಲಕರಿಗೇ ಮಾಡಿರೋದು" ಎಂದ. ನಿಮ್ಮಂಥ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಚಾಲಕ ಇನ್ನೊಂದರ ಕಡೆ ತಿರುಗಿಯೂ ನೋಡಲಿಲ್ಲ.

ಮೆಕ್ಯಾನಿಕ್ ಮುಖ ಸಿಂಡರಿಸಿದ. ಅವನೂ ಸಾಧುವೇನಲ್ಲ. ತನ್ನ ಕೈಕೆಲಸದ ಬಗ್ಗೆ ಅವನಿಗೂ ಸಾಕಷ್ಟು ಹಮ್ಮಿತ್ತು. "ಕಾರು ನಿಂದು, ಹಾಕ್ತೀನಿ. ಹಾಕಿದ್ದು ನಾನು ಅಂತ ಮಾತ್ರ ಎಲ್ಲೂ ಹೇಳ್ಬೇಡ" ಎಂದ.

ಹೊಸದು ಕೂತ ಮೇಲೆ ಎಂಜಿನ್ ನಿಜಕ್ಕೂ ಹಾರಿತು. ಸಮ ರಸ್ತೆಯಲ್ಲಿ ಓಡಿಸುವಾಗ ಚಾಲಕನಿಗೆ ತನಗೆ ಮತ್ತೆ ಹರೆಯ ಬಂದ ಹಾಗಾಯಿತು. ಹಿಂದಿನ ಸೀಟಿನಲ್ಲಿ, ಮಗಳು ಕೂರುವ ಜಾಗದಲ್ಲಿ, ಬಟ್ಟೆಯ ಸಿಂಬೆಯ ಮೇಲೆ ತುಂಬಿದ ಚೊಂಬನ್ನಿಟ್ಟ. ಯಾರೂ ಇಲ್ಲದ ಹೊತ್ತು ನೋಡಿ ಎಲ್ಲೆಗಲ್ಲಿಗೆ ಹೋದ. ನಿಲ್ಲಿಸಿ, ಹೊರಟ. ಕ್ಲಚ್ ಗಕ್ಕನೆ ಕಚ್ಚಿತು, ಎಂಜಿನ್ ಕೆಮ್ಮಿ ನಿಂತಿತು, ಕಾರು ಹಿಂದಕ್ಕೆ ಜಾರಿತು. ಮತ್ತೆ ಎಂಜಿನ್ನನ್ನು ಜೋರಾಗಿ ಕೂಗಿಸಿ ಕ್ಲಚ್ ಬಿಟ್ಟ. ಈ ಸಲ ಕಾರು ಮುಂದಕ್ಕೆ ನೆಗೆಯಿತು, ಚೊಂಬು ಉರುಳಿತು. ಸೀಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅತ್ತೆಮನೆಯವರ ನಡುವೆ ತಲೆ ತಗ್ಗಿಸಿ ನಿಂತ ಮಗಳು ಅವನ ಕಣ್ಣಿಗೆ ಕಟ್ಟಿದಳು.

ಅಲ್ಲಿಂದ ನೇರ ಮೆಕ್ಯಾನಿಕ್ ಬಳಿಗೆ ಬಂದ. "ಇಷ್ಟು ಚುರುಕಾದ ಎಂಜಿನ್ನು ಏರಿನಲ್ಲಿ ಯಾಕೆ ಸಾಯುತ್ತೆ?" ಎಂದು ಕೇಳಿದ.

"ಹಗುರ ಚಕ್ರ ಬೇಗ ಏಳುತ್ತೆ, ಹೊರೆ ಬಿದ್ದ ತಕ್ಷಣ ಅಷ್ಟೇ ಬೇಗ ಕೂರುತ್ತೆ. ಪಂದ್ಯದಲ್ಲಿ ಓಡೋನಿಗೆ ಅದೇ ಸರಿ, ಅವನ ಹಿಂದೆ ಯಾರೂ ಕೂತಿರಲ್ಲ. ಏರಿನಲ್ಲಿ ನಿನ್ನ ಎಂಜಿನ್ ತಿರುಗ್ತಾ ಇರುತ್ತೆ, ಕಾರು ನಿಂತಿರುತ್ತೆ. ತಿರುಗೋದಕ್ಕೆ ನಿಂತಿರೋದನ್ನ ಸೇರಿಸೋವಾಗ ತಡ್ಕೊಳ್ಳೋಕೆ ಒಂದು ತೂಕ ಬೇಕು." ಮೆಕ್ಯಾನಿಕ್ ಕೈ ಒರೆಸಿಕೊಂಡ. "ಇನ್ನೊಂದು ಮಾತು. ನಿಲ್ಸೋಕೆ ಅಂತ ಬ್ರೇಕ್ ಇದೆ. ಕ್ಲಚ್ ಇರೋದು ಸೇರ್ಸೋಕೆ. ಅದರಲ್ಲಿ ಕಾರು ನಿಲ್ಸಿ ಮೆರೆದೆಯಲ್ಲ, ಹಳೇದು ಸುಟ್ಟಿದ್ದು ಅದಕ್ಕೇ."

ಚಾಲಕ ಭಾರದ ಚಕ್ರವನ್ನೂ ಮೆತ್ತಗೆ ಹಿಡಿಯುವ ಕ್ಲಚ್ಚನ್ನೂ ತಂದು ಹಾಕಿಸಿದ. ಎಂಜಿನ್ ಈಗ ನಿಧಾನಕ್ಕೆ ಏಳುತ್ತಿತ್ತು, ಕೇಳಿದ್ದಕ್ಕೆ ಯೋಚಿಸಿ ಉತ್ತರ ಕೊಡುವ ಮುದುಕನ ಹಾಗೆ. ಅವನಿಗೆ ಅದು ಹಿಡಿಸಲಿಲ್ಲ. ಸುಳ್ಳೇಕೆ ಹೇಳಲಿ, ಮನಸ್ಸಿನೊಳಗೆ ಬಹಳ ನೊಂದುಕೊಂಡ. ಮಗಳ ಮಡಿಲಿನ ಚೊಂಬನ್ನು ನೆನೆದು ಸುಮ್ಮನಾದ.

ಮದುವೆಯಾಯಿತು. ಮಗಳು ಕಾರಿನ ಹಿಂದಿನ ಸೀಟಿನಲ್ಲಿ ಕುಳಿತಳು, ಪಕ್ಕದಲ್ಲಿ ಅಳಿಯ. ಮಡಿಲಲ್ಲಿ ತುಂಬಿದ ಚೊಂಬು. ಎಲ್ಲೆಗಲ್ಲಿನ ಬಳಿ ಕಾರು ನಿಂತಿತು. ಟೀ ಅಂಗಡಿಯ ಮುಂದೆ ಆ ದಾರಿಯ ಚಾಲಕರೆಲ್ಲ ಸೇರಿದ್ದರು. ಅವರೆಲ್ಲರಿಗೂ ಕೇಳುವ ಹಾಗೆ ಅವನು ಹ್ಯಾಂಡ್‌ಬ್ರೇಕನ್ನು ಕರಕರನೆ ಎಳೆದ. ಅಂಗಡಿಯಲ್ಲಿ ಗೊಳ್ಳೆಂದು ನಗೆ ಎದ್ದಿತು. ಯಾರೋ ಸಿಳ್ಳೆ ಹಾಕಿದರು. ಅವನ ಕಿವಿ ಕೆಂಪಾಯಿತು. ಕೈ ಮಾತ್ರ ಬ್ರೇಕಿನ ಮೇಲೇ ಇತ್ತು.

ಆರತಿ ಎತ್ತಿದರು, ಕಾಯಿ ಒಡೆದರು. ಅವನು ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಾ ಬಂದ. ಎಂಜಿನ್ನಿನ ಸದ್ದು ಸ್ವಲ್ಪ ಕುಗ್ಗಿತು, ನಿಲ್ಲಲಿಲ್ಲ. ಭಾರದ ಚಕ್ರ ಅದನ್ನು ಹಿಡಿದುಕೊಂಡಿತು. ಕಾರಿನ ಮೂತಿ ತುಸುವೇ ಮೇಲೆದ್ದಿತು. ಆಗ ಅವನು ಬ್ರೇಕನ್ನು ಇಳಿಸಿದ.

ಮಗಳು ಚೊಂಬಿನಿಂದ ಕಣ್ಣು ತೆಗೆದಿರಲಿಲ್ಲ. ನೀರು ಇದ್ದ ಹಾಗೇ ಇತ್ತು. ಸ್ವಲ್ಪ ಹೊತ್ತು ಕಾದು, ತಲೆ ಎತ್ತದೆಯೇ, "ಅಪ್ಪಾ, ಇನ್ನೂ ಹೊರಡಲ್ವಾ?" ಎಂದಳು.

ಚಾಲಕ ಕನ್ನಡಿ ನೋಡಿದ. ಎಲ್ಲೆಗಲ್ಲು ಆಗಲೇ ಹಿಂದೆ ಉಳಿದು ಚಿಕ್ಕದಾಗಿ ಕಾಣುತ್ತಿತ್ತು. ನಗುತ್ತಿದ್ದ ಚಾಲಕರು ನಗುವುದನ್ನು ಬಿಟ್ಟು ಎದ್ದು ನಿಂತು ನೋಡುತ್ತಿದ್ದರು. "ಹೊರಟು ಎಷ್ಟೊತ್ತಾಯ್ತವ್ವಾ" ಎಂದ. ಅಷ್ಟು ಮದುಮಗಳಂದಿರನ್ನು ಹತ್ತಿಸಿದಾಗಲೂ ಆಗದಿದ್ದ ಹೆಮ್ಮೆ ಅವನಿಗೆ ಅಂದು ಆಯಿತು. ಎದೆ ತುಂಬಿ ಆಯಿತು.

ಮೇಲಿನ ಊರಿನ ಬಾವಿಗೆ ಮಗಳು ತುಂಬಿದ ಚೊಂಬನ್ನೇ ಸುರಿದಳು. ಅವಳ ಅತ್ತೆ ಮುಂದೆ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಮದುವೆಯೂಟಕ್ಕೆ ಬಂದಿದ್ದ ಮೆಕ್ಯಾನಿಕ್, ಆ ಕ್ಲಚ್ ಹಾಕಿದ್ದು ನಾನು, ನಾನೇ, ಎಂದು ಕಂಡಕಂಡವರಿಗೆಲ್ಲ ಹೇಳುತ್ತಾ ಸಂಜೆಯವರೆಗೂ ಓಡಾಡಿದ.

ಗುರುಗಳು ಕತೆ ನಿಲ್ಲಿಸಿ ಸೊಂಟ ನೀವಿಕೊಂಡರು. ಗುರುಶಾಂತ ಕೇಳಿದ: "ಹಾಗಾದರೆ ಬುದ್ಧೀ, ನಾನು ಹೆಮ್ಮೆಪಡುವುದನ್ನೇ ಬಿಡಬೇಕೇ?"

"ಯಾಕೆ ಬಿಡಬೇಕು," ಎಂದರು ಗುರುಗಳು, "ಪಾಠ ಕಲಿತು ಮುಗಿಸಿದ ಮಗು ನಿನ್ನ ಮುಖ ನೋಡಿ 'ಪಾಠ ಯಾವಾಗ ಶುರು ಮಾಡ್ತೀರಿ' ಎಂದು ಕೇಳಿದ ದಿನ ಮೀಸೆ ತಿರುವು."